ಯಾರ ಮೊಣಕಾಲು

ನಮ್ಮ ಊರಿನಷ್ಟು ಕರುಣೆ ಇರುವ ಊರು ಇನ್ನೊಂದಿಲ್ಲ ಎಂದು ನಮ್ಮ ಊರಿನವರೇ ಹೇಳುತ್ತಾರೆ. ಬೇರೆಯವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಹಾಗೆಂದು ಬರೆಸಿದ್ದಾರೆ, ಕಸದ ಲಾರಿಯ ಮೇಲೆ ಬರೆಸಿದ್ದಾರೆ, ನಾನು ನಡೆಸುತ್ತಿದ್ದ ಖಾನಾವಳಿಯ ಬಾಗಿಲ ಮೇಲೂ ಒಂದು ದಿನ ಬಂದು ಬರೆದು ಹೋದರು. ನನ್ನ ಹೆಸರು ಪದ್ಮಾವತಿ, ಊರಿಗೆಲ್ಲ ಪದ್ದಕ್ಕ. ಆ ಬಾಗಿಲ ಒಳಗೆ ಇಪ್ಪತ್ತು ವರ್ಷ ರೊಟ್ಟಿ ಬಡಿದಿದ್ದೇನೆ. ಆ ಕರುಣೆಯ ಬಗ್ಗೆ ನಾಲ್ಕು ಮಾತು ಹೇಳುವಷ್ಟು ಅದರ ರುಚಿ ನನಗೆ ಗೊತ್ತಿದೆ.

ನಮ್ಮ ಊರಿನಲ್ಲಿ ಒಬ್ಬರಿಗೆ ನೋವಾದರೆ ಎಲ್ಲರಿಗೂ ನೋಯುತ್ತದೆ. ಮಾತಿಗೆ ಹೇಳುತ್ತಿಲ್ಲ. ಮೇಲಿನ ಓಣಿಯಲ್ಲಿ ಯಾರೋ ಹೊಸ್ತಿಲು ಎಡವಿದರೆ ಕೆಳಗಿನ ಓಣಿಯಲ್ಲಿ ಹಾಲು ಕಾಯಿಸುತ್ತಿದ್ದವಳು ಕಾಲ್ಬೆರಳು ಹಿಡಿದುಕೊಂಡು ಕೂತುಬಿಡುತ್ತಾಳೆ. ಒಬ್ಬನ ದವಡೆಹಲ್ಲು ಹುಳುಕಾದರೆ ಸಂತೆಗೆ ಸಂತೆಯೇ ಕೆನ್ನೆ ಹಿಡಿದುಕೊಂಡು ವ್ಯಾಪಾರ ಮಾಡುತ್ತದೆ. ಅದಕ್ಕೇ ನಮ್ಮಲ್ಲಿ ಹಲ್ಲಿನ ಡಾಕ್ಟರಿಗೆ ಗುಡಿಯ ಪೂಜಾರಿಗಿಂತ ಹೆಚ್ಚು ಮರ್ಯಾದೆ. ಯಾರಾದರೂ ಹೆರಿಗೆಗೆ ಕೂತರೆ ಅಂಗಡಿಗಳು ಮುಚ್ಚುತ್ತವೆ, ಗಂಡಸರು ಕಟ್ಟೆಯ ಮೇಲೆ ಅಂಗಾತ ಮಲಗಿ ಸತ್ತ ತಾಯಂದಿರನ್ನು ಕರೆಯುತ್ತಾರೆ, ಕೂಸು ಹುಟ್ಟಿದ ಮೇಲೆ ಎದ್ದು ಚಹಾ ಕುಡಿಯುತ್ತ ತಾವೇ ಹೆತ್ತವರ ಹಾಗೆ ಸುಸ್ತಾಗಿ ಮಾತಾಡುತ್ತಾರೆ. ಸಾಲೆಯಲ್ಲಿ ಬೆತ್ತವಿಲ್ಲ. ಹೆಂಡತಿಯನ್ನು ಹೊಡೆಯುವ ಗಂಡಂದಿರಿಲ್ಲ. ಒಳ್ಳೆಯತನ ಅದಕ್ಕೆ ಕಾರಣವಲ್ಲ. ಹೊಡೆದವನ ಮನೆಯ ಮುಂದೆ ಓಣಿಯೆಲ್ಲ ಕೆನ್ನೆ ಸವರಿಕೊಳ್ಳುತ್ತ ಬಂದು ನಿಲ್ಲುತ್ತದೆ.

ಹೀಗಿರುವಾಗ ಕೈಕಾಲಿಗೆ ಅಪಾಯವಿರುವ ಕೆಲಸಗಳನ್ನು ಯಾರು ಮಾಡಬೇಕು? ನಮ್ಮವನೊಬ್ಬನ ಬೆರಳು ಗಾಣಕ್ಕೆ ಸಿಕ್ಕರೆ ಊರಿಗೆ ಊರೇ ಕೈ ಕೊಡವುತ್ತ ಕೂಗಬೇಕಾಗುತ್ತದೆ. ಆದ್ದರಿಂದ ಎಣ್ಣೆಗಿರಣಿಯ ಚೀಲ ಹೊರುವುದು, ಕಲ್ಲು ಒಡೆಯುವುದು, ಚರಂಡಿಗೆ ಇಳಿಯುವುದು, ಇವೆಲ್ಲ ಊರಂಚಿನ ಸೇತುವೆಯ ಆಚೆಯಿಂದ ಬರುವವರ ಪಾಲು. ಅವರ ನೋವು ನಮಗೆ ಬರುವುದಿಲ್ಲ. ಬಾರದೆ ಇದ್ದಮೇಲೆ ಅವರಿಗೆ ಅದು ಇಲ್ಲವೇ ಇಲ್ಲ ಎಂದು ತಿಳಿಯುವುದು ಸಲೀಸು. ದಪ್ಪ ಚರ್ಮದ ಮಂದಿ ಎಂದು ಮೆಚ್ಚಿಕೊಂಡೇ ಹೇಳುತ್ತಿದ್ದೆವು. ಅವರದೂ ನಮ್ಮದೇ ಭಾಷೆ. ನಾವು ‘ಐತಿ’ ಅನ್ನುವಲ್ಲಿ ಅವರು ‘ಅದ’ ಅನ್ನುತ್ತಾರೆ. ಬೇರೆ ಜಾತಿಯ ಪ್ರಾಣಿ ಎಂದು ತಿಳಿಯಲು ನಮಗೆ ಅಷ್ಟು ಸಾಕಾಗಿತ್ತು.

ಆದರೆ ಇನ್ನೊಂದು ಸಂಗತಿ ಇತ್ತು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆಚೆಯವರು ನಮ್ಮ ನೀರು ಕುಡಿದು ನಮ್ಮ ನಡುವೆ ಒಂದು ವರ್ಷ ತುಂಬಿಸಿಬಿಟ್ಟರೆ ಅವರ ನೋವೂ ನಮಗೆ ಬರತೊಡಗುತ್ತದೆ, ನಮ್ಮದು ಅವರಿಗೆ ಹೋಗತೊಡಗುತ್ತದೆ. ಅದಕ್ಕೇ ವರ್ಷ ತುಂಬುವ ಮೊದಲು ಕೂಲಿಯವರನ್ನೆಲ್ಲ ಸೇತುವೆ ದಾಟಿಸಿ ಸ್ವಲ್ಪ ಕಾಲ ಆಚೆ ಇರಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಇದಕ್ಕೆ ‘ವರ್ಷ ಮುರಿಸುವುದು’ ಎನ್ನುತ್ತಿದ್ದರು. ಪಾಪ, ಅವರಿಗೂ ಹೆಂಡಿರು ಮಕ್ಕಳನ್ನು ನೋಡಬೇಕು ಅನಿಸುತ್ತದಲ್ಲ ಎಂದು ಊರ ಹಿರಿಯರಾದ ಅಡಿವೆಪ್ಪನವರು ವಿವರಿಸುತ್ತಿದ್ದರು. ಎಣ್ಣೆಗಿರಣಿ ಅವರದೇ.

ಜನಾಬಾಯಿ ಅವರ ಗಿರಣಿಯಲ್ಲಿ ಚೀಲ ಹೊರುತ್ತಿದ್ದವಳು. ನಲವತ್ತು ದಾಟಿದ್ದ ವಿಧವೆ, ಒಬ್ಬಳೇ ಮಗಳನ್ನು ಎಲ್ಲೋ ದೂರ ಕೊಟ್ಟಿದ್ದಳು. ಒಂದು ದಿನ ಶೇಂಗಾ ಚೀಲಗಳ ಅಟ್ಟಿ ಕುಸಿದು ಅವಳ ಎಡಗಾಲಿನ ಮೇಲೆ ಬಿತ್ತು. ಆ ಹೊತ್ತಿಗೆ ಅಡಿವೆಪ್ಪನವರು ಗಿರಣಿಯ ಮುಂದೆಯೇ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರಂತೆ. ಒಳಗಿನಿಂದ ಕೂಗು ಕೇಳಿತು, ಅವರಿಗೆ ಏನೂ ನೋಯಲಿಲ್ಲ, ಆದ್ದರಿಂದ ಏನೂ ಆಗಿಲ್ಲ ಎಂದು ತಿಳಿದರು. ಚೀಲ ಹೊರಲು ಬಾರದ ಮೇಲೆ ಅವಳನ್ನು ಬಿಡಿಸಿದರು. ಅವಳು ಗೋಡೆ ಹಿಡಿದುಕೊಂಡು ನನ್ನ ಖಾನಾವಳಿಗೆ ಬಂದು, ಕೂತು ಮಾಡುವ ಕೆಲಸ ಏನಾದರೂ ಇದೆಯೇ ಎಂದು ಕೇಳಿದಳು.

ನಾನು ಅವಳನ್ನು ಇಟ್ಟುಕೊಂಡದ್ದು ದಯೆಯಿಂದಲ್ಲ. ಅವಳು ಬಡಿದ ಮೊದಲ ರೊಟ್ಟಿ ನೋಡಿದೆ, ಅದಕ್ಕೇ ಇಟ್ಟುಕೊಂಡೆ. ಹಿಂದೆ ಕೈ ಹಿಡಿದರೆ ಈಚೆಗೆ ಕಾಣುವಷ್ಟು ತೆಳು, ಅಂಚು ಒಂದು ಕೂದಲಿನಷ್ಟೂ ಸೀಳಿರಲಿಲ್ಲ. ನಾನು ಇಷ್ಟು ವರ್ಷ ಬಡಿದದ್ದೆಲ್ಲ ಅದರ ಮುಂದೆ ದನಕ್ಕೆ ಹಾಕುವ ಹಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಗಿರಾಕಿಗಳು ಬಾಗಿಲ ಹೊರಗೆ ನಿಂತು ಕಾಯತೊಡಗಿದರು. ನನ್ನ ಗಂಡ ಗುರುಪಾದಪ್ಪ, ದುಡ್ಡೆಣಿಸುತ್ತ ಗಲ್ಲೆಯ ಮೇಲೆ ಕೂರುವುದು ಬಿಟ್ಟು ಬೇರೆ ಕಸುಬು ಕಲಿಯದವನು, ಊಟಕ್ಕೆ ಕೂತಾಗಲೆಲ್ಲ ಅವಳನ್ನು ಹೊಗಳಿ ನನ್ನ ಮುಖ ನೋಡುತ್ತಿದ್ದ.

ಅವಳು ಒಲೆಯ ಮುಂದಿನಿಂದ ಏಳುವಾಗ ಒಂದು ಕೈಯನ್ನು ನೆಲಕ್ಕೂ ಇನ್ನೊಂದನ್ನು ಗೋಡೆಗೂ ಊರಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಏಳುತ್ತಿದ್ದಳು. ನೋಯುತ್ತದೆಯೇ ಎಂದು ಕೇಳಿದರೆ ನೋಯ್ತದ್ರಿ ಎನ್ನುತ್ತಿದ್ದಳು. ಚಹಾ ಬೇಕೇ ಎಂದರೆ ಬೇಕ್ರಿ ಅನ್ನುತ್ತಿದ್ದ ಅದೇ ದನಿ. ಅದು ಅವರ ಕಡೆಯ ಮಾತಿನ ಧಾಟಿ ಎಂದುಕೊಂಡು ನಾನು ಪಲ್ಯಕ್ಕೆ ಒಗ್ಗರಣೆ ಹಾಕಲು ಹೋಗುತ್ತಿದ್ದೆ. ಹಿತ್ತಲಿನ ಕೋಣೆಯಲ್ಲಿ ಮಲಗಲು ಜಾಗ ಕೊಟ್ಟಿದ್ದೆ, ಅಷ್ಟಕ್ಕೇ ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು.

ಅವಳ ವರ್ಷ ಮುರಿಸುವ ಹೊತ್ತಿಗೆ ಲಗ್ನದ ದಿನಗಳು ಬಂದವು. ಮೂರು ಮನೆಯ ಬೀಗರ ಊಟಕ್ಕೆ ರೊಟ್ಟಿ ಒಪ್ಪಿಕೊಂಡಿದ್ದೆ. ಇವಳನ್ನು ಈಗ ಸೇತುವೆ ದಾಟಿಸಿದರೆ ಆ ರೊಟ್ಟಿ ಯಾರು ಬಡಿಯಬೇಕು? ಗುರುಪಾದಪ್ಪ ಒಂದೆರಡು ಸಲ ನೆನಪಿಸಿದ. ಲಗ್ನಗಳು ಮುಗಿಯಲಿ ಎಂದೆ. ಲಗ್ನಗಳು ಮುಗಿದವು. ಒಂದು ಬೆಳಿಗ್ಗೆ ಜನಾಬಾಯಿ ಒಲೆ ಹಚ್ಚಿ ಮೇಲೆದ್ದಳು. ಅದೇ ಕ್ಷಣ ನನ್ನ ಎಡಮೊಣಕಾಲಿನೊಳಗೆ ಯಾರೋ ಗಾಜಿನ ಚೂರುಗಳನ್ನು ಹಾಕಿ ತಿರುವಿದ ಹಾಗಾಯಿತು. ಕೈಯಲ್ಲಿದ್ದ ಹಿಟ್ಟಿನ ಬುಟ್ಟಿ ಬಿತ್ತು. ಹೊರಗೆ ರಸ್ತೆಯಲ್ಲಿ ಸೈಕಲ್ಲು ಬಿದ್ದ ಸದ್ದು, ಎದುರಿನ ಅಂಗಡಿಯವನು ಅಯ್ಯೋ ಅಂದ ಸದ್ದು. ನಾನು ಜನಾಬಾಯಿಯನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಅವಳು ನಿಧಾನವಾಗಿ ಮತ್ತೆ ಕೂತಳು. ನನ್ನ ನೋವು ಇಳಿಯಿತು.

ಅಂದಿನಿಂದ ಅವಳು ಏಳುವುದನ್ನೇ ಕಡಿಮೆ ಮಾಡಿದಳು. ಇಷ್ಟು ದಿನ ಕಾಲೂರಿ ನಡೆದವಳು ಈಗ ಕುಂಡಿಯ ಮೇಲೆ ಸರಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, ತಾನು ಎದ್ದರೆ ನಿಮಗೆಲ್ಲ ನೋಯುತ್ತದಲ್ಲ ಎಂದಳು. ಅವಳಿಗೆ ಅದು ದೊಡ್ಡ ಮಾತಾಗಿರಲಿಲ್ಲ. ಇಡೀ ಊರಿನಲ್ಲಿ ಹಾಗೆ ಯೋಚಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆದರೂ ಏಳಲೇಬೇಕಾಗುತ್ತಿತ್ತು, ಸುಮ್ಮನೆ ಕೂತರೂ ಒಳಗೆ ಕುಟ್ಟುತ್ತಿತ್ತು. ಊರು ವಾರವೊಪ್ಪತ್ತು ಕುಂಟಿತು. ಆ ದಿನಗಳಲ್ಲಿ ನಮ್ಮ ಊರಿನ ಕರುಣೆಯನ್ನು ನೀವು ನೋಡಬೇಕಿತ್ತು. ಯಾರ ಮೊಣಕಾಲು ಎಂದು ಡಂಗುರ ಸಾರಿದರು. ಯಾರೂ ಮುಂದೆ ಬರಲಿಲ್ಲ. ಬಾರದೆ ಇದ್ದದ್ದಕ್ಕೆ ಪ್ರೀತಿ ಇನ್ನೂ ಉಕ್ಕಿತು. ಯಾವ ತಾಯಿಯೋ ಏನೋ, ಮನೆಯವರಿಗೆ ತೊಂದರೆ ಬೇಡ ಎಂದು ನುಂಗಿಕೊಂಡಿದ್ದಾಳೆ ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಕಣ್ಣೊರೆಸಿಕೊಂಡರು. ಓಣಿ ಓಣಿಯ ಕೂಡುದಾರಿಯಲ್ಲಿ ಬೇವಿನೆಣ್ಣೆಯ ಬಟ್ಟಲು, ಬಿಸಿ ಉಪ್ಪಿನ ಗಂಟು ಇಟ್ಟು ಬಂದರು, ಯಾರಿಗೆ ಬೇಕೋ ಅವರು ಒಯ್ಯಲಿ ಎಂದು. ಸಾಲೆಯ ಮಕ್ಕಳು ಮೊಣಕಾಲಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಮೆರವಣಿಗೆ ಮಾಡಿದರು. ಒಬ್ಬ ಮಾಸ್ತರು ಆ ಕಾಣದ ಕಾಲಿನ ಮೇಲೆ ಪದ್ಯ ಕಟ್ಟಿ ಹಾಡಿದರು, ಕೇಳಿದವರೆಲ್ಲ ಅತ್ತರು. ಅಡಿವೆಪ್ಪನವರು ಸಭೆ ಕರೆದು, ಈ ಕಾಲಿನ ಧಣಿ ಯಾರೇ ಆಗಿರಲಿ, ಅವರ ಔಷಧೋಪಚಾರ ತಮ್ಮದು ಎಂದು ಎದೆ ಮುಟ್ಟಿಕೊಂಡು ಹೇಳಿದರು. ವೇದಿಕೆಯಿಂದ ಇಳಿಯುವಾಗ ಅವರಿಗೂ ಇಬ್ಬರು ಕೈ ಹಿಡಿಯಬೇಕಾಯಿತು. ತಮ್ಮದೇ ಚೀಲಗಳು ಮುರಿದ ಕಾಲಿನ ಮೇಲೆ ಕುಂಟುತ್ತ ಮನೆಗೆ ಹೋದರು.

ನಾನು ಬಾಯಿ ಬಿಡಲಿಲ್ಲ. ಮನೆಯಲ್ಲಿ ಗುರುಪಾದಪ್ಪ ತನ್ನ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಇದು ಊರಿನದ್ದಲ್ಲ, ತನಗೆ ಹಿಂದಿನಿಂದಲೂ ಇರುವ ವಾತ ಎಂದು ಸಾಧಿಸುತ್ತಿದ್ದ. ಅವನಿಗೆ ಅನುಮಾನ ಬಂದಿತ್ತು, ಅನುಮಾನವನ್ನು ಎಣ್ಣೆ ಹಚ್ಚಿ ಮುಚ್ಚುತ್ತಿದ್ದ.

ಊರಿನ ಡಾಕ್ಟರ್ ವೃಷಭೇಂದ್ರ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದರು. ಮನೆ ಮನೆ ತಿರುಗಿ ಮೊಣಕಾಲು ನೋಡಿ ನೋಡಿ ಸಾಕಾಗಿದ್ದರು. ಒಂದು ದಿನ ಕೈ ತೊಳೆಯಲು ಹಿತ್ತಲಿಗೆ ಹೋದವರು ಜನಾಬಾಯಿ ಸರಿದುಕೊಂಡು ಬರುವುದನ್ನು ಕಂಡರು. ಸೀರೆ ಸ್ವಲ್ಪ ಮೇಲೆತ್ತಲು ಹೇಳಿ, ಕುಂಬಳಕಾಯಿಯ ಹಾಗೆ ಊದಿದ್ದ ಆ ಕಾಲನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು. ಊಟಕ್ಕೆ ಕೂತವರೆಲ್ಲ ಒಂದೇ ಸಲ ಹಾ ಎಂದರು. ಬಸ್‌ಸ್ಟ್ಯಾಂಡು ಹಾ ಎಂದಿತು. ಡಾಕ್ಟರೂ ಹಾ ಎಂದು ಅಲ್ಲಿಯೇ ಕೂತುಬಿಟ್ಟರು. ಜನಾಬಾಯಿ ಒಬ್ಬಳೇ ತುಟಿ ಕಚ್ಚಿಕೊಂಡು ಸುಮ್ಮನಿದ್ದಳು.

ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ತಿಳಿದ ಕೂಡಲೇ ಆದ ಬದಲಾವಣೆಯನ್ನು ನಾನು ಎಷ್ಟು ಹೇಳಿದರೂ ಕಡಿಮೆ. ನೋವು ಅದೇ, ಜಾಗ ಅದೇ, ಮುಂಜಾನೆ ಎಷ್ಟಿತ್ತೋ ಸಂಜೆಯೂ ಅಷ್ಟೇ. ಆದರೆ ಕೂಡುದಾರಿಯ ಎಣ್ಣೆಬಟ್ಟಲುಗಳನ್ನು ಇಟ್ಟವರೇ ಬಂದು ಎತ್ತಿಕೊಂಡು ಹೋದರು. ಬಾವಿಕಟ್ಟೆಯಲ್ಲಿ ಅತ್ತಿದ್ದ ಹೆಂಗಸರು, ತಮ್ಮ ಕಣ್ಣೀರನ್ನು ಯಾರೋ ಕದ್ದುಕೊಂಡು ಹೋದ ಹಾಗೆ ಸಿಟ್ಟಾದರು. ಮಾಸ್ತರು ಪದ್ಯದ ಮಾತು ಎತ್ತಿದರೆ ಬೇರೆ ಕಡೆ ನೋಡುತ್ತಿದ್ದರು. ಗೊತ್ತಾದ ಮೇಲೆ ಅಷ್ಟೇನೂ ನೋಯುತ್ತಿಲ್ಲ ಎಂದು ಕೆಲವರು ಹೇಳಿದರು. ಗೊತ್ತಾದ ಮೇಲೆ ತಡೆಯಲಾಗುತ್ತಿಲ್ಲ ಎಂದು ಕೆಲವರು. ಆಕೆ ಬೇಕೆಂದೇ ನಮ್ಮ ಮೇಲೆ ಹಾಕಿದ್ದಾಳೆ ಎಂಬುದರಲ್ಲಿ ಮಾತ್ರ ಇಬ್ಬರೂ ಒಂದಾದರು. ಅವಳು ಒಂದು ಸಲ ಒಲೆಯ ಮುಂದೆ ಎದ್ದು ನಿಂತಾಗ ಮೂರು ಓಣಿಯಿಂದ ಬೈಗುಳ ಕೇಳಿಸಿತು. ಬೈದವರ ಪೈಕಿ ಒಬ್ಬಳು ಹಿಂದಿನ ವಾರ ನಮ್ಮ ಮನೆಯ ಹತ್ತಿರವೇ ಉಪ್ಪಿನ ಗಂಟು ಇಟ್ಟು ಹೋದವಳು.

ಮರುದಿನ ಮುಂಜಾನೆ ಗುಡಿಯ ಮುಂದಿನ ಬಯಲಿನಲ್ಲಿ ಸಭೆ ಸೇರಿತು. ಎಲ್ಲರೂ ಕುಂಟುತ್ತಲೇ ಬಂದರು, ಎಡಗಾಲು ಚಾಚಿಯೇ ಕೂತರು. ಜನಾಬಾಯಿಯನ್ನು ಕರೆದಿರಲಿಲ್ಲ. ಡಾಕ್ಟರು ಎದ್ದು, ಒಳಗೆ ಎಲುಬು ಚೂರಾಗಿದೆ, ಜಿಲ್ಲೆಯ ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದು ಕೂಡಿಸಿದರೆ ಸರಿಹೋಗುತ್ತದೆ, ಆದರೆ ಆಮೇಲೆ ಇಲ್ಲಿಗೆ ಬಂದು ಮಾಯುವ ತನಕ ನಾವೆಲ್ಲ ಆ ನೋವು ತಿನ್ನಬೇಕಾಗುತ್ತದೆ ಎಂದರು. ಬಯಲು ಗುಜುಗುಜು ಎಂದಿತು. ಸೇತುವೆ ದಾಟಿದ ಮರುಕ್ಷಣ ನಮಗೆ ಇದು ಬರುವುದಿಲ್ಲ ಅಲ್ಲವೇ ಎಂದು ಒಬ್ಬರು ಕೇಳಿದರು. ಬರುವುದಿಲ್ಲ ಎಂದರು ಡಾಕ್ಟರು. ಅಲ್ಲಿಗೆ ವೈದ್ಯಶಾಸ್ತ್ರ ಮುಗಿಯಿತು.

ನನಗೆ ಮಾತಾಡಬೇಕೆಂದು ಇರಲಿಲ್ಲ. ಗುರುಪಾದಪ್ಪ ಸೆರಗು ಹಿಡಿದು ಜಗ್ಗುತ್ತಿದ್ದ, ಬಹುಶಃ ಅದಕ್ಕೇ ಎದ್ದು ನಿಂತೆ. ನಿನ್ನೆ ತನಕ ಈ ಕಾಲಿಗೆ ಮೆರವಣಿಗೆ ಮಾಡಿದವರು ನೀವೇ ಎಂದೆ. ಚೀಲ ಬಿದ್ದದ್ದು ಯಾರ ಗಿರಣಿಯಲ್ಲಿ ಎಂದು ಕೇಳಿದೆ. ಈಗ ಊರಿನ ಎಲ್ಲರ ನೋವೂ ಆಕೆಗೆ ಹೋಗುತ್ತಿದೆ, ಮೊನ್ನೆ ಮೇಲಿನ ಓಣಿಯ ಹೆರಿಗೆಯಲ್ಲಿ ಆಕೆಯೂ ಹೊಟ್ಟೆ ಹಿಡಿದುಕೊಂಡಿದ್ದಳು, ಅದನ್ನು ಯಾರು ಲೆಕ್ಕ ಹಿಡಿದಿದ್ದೀರಿ ಎಂದೂ ಕೇಳಿದೆ. ಕೂತವರು ತಮ್ಮ ತಮ್ಮ ಮೊಣಕಾಲು ತಿಕ್ಕಿಕೊಳ್ಳತೊಡಗಿದರು. ಅಡಿವೆಪ್ಪನವರು ಮಾತ್ರ ಬೇಸರ ಮಾಡಿಕೊಳ್ಳದೆ ನಕ್ಕರು. ಅವರು ದುಷ್ಟ ಮನುಷ್ಯರಲ್ಲ. ದುಷ್ಟರಾಗಿದ್ದರೆ ನನಗೆ ಅರ್ಥವಾಗುತ್ತಿದ್ದರು.

“ನಮಗ ಕರುಣಾ ಇಲ್ಲಂತೇನಲ್ಲ, ಪದ್ದಕ್ಕ,” ಎಂದರು. “ಇದ್ದದ್ದಕ್ಕನ ಆಕಿನ್ನ ಕಳಸಬೇಕಾಗೇತಿ. ಕರುಣಾ ಇಲ್ಲದ ಊರಾಗಿದ್ರ ಆಕಿ ಸುಮ್ಮನ ಇರಬಹುದಿತ್ತು, ಯಾರಿಗೂ ತ್ರಾಸ ಆಗ್ತಿರಲಿಲ್ಲ.”

ಬಯಲೆಲ್ಲ ತಲೆದೂಗಿತು. ಇಷ್ಟು ಚಂದದ ಮಾತನ್ನು ಯಾರೂ ಇತ್ತೀಚೆಗೆ ಕೇಳಿರಲಿಲ್ಲ. ಅಂದೇ ಮಧ್ಯಾಹ್ನ ಅವಳನ್ನು ಟೆಂಪೋದಲ್ಲಿ ಸೇತುವೆ ದಾಟಿಸಿ ಬಿಡುವುದು, ಕಾಲು ವಾಸಿಯಾದರೆ ಸಂತೋಷದಿಂದ ಮತ್ತೆ ಕೆಲಸಕ್ಕೆ ಕರೆಯುವುದು ಎಂದು ತೀರ್ಮಾನವಾಯಿತು. ಇನ್ನು ಮುಂದೆ ವರ್ಷ ಮುರಿಸುವುದಕ್ಕೆ ವರ್ಷದ ಕೊನೆಯ ತನಕ ಕಾಯಬಾರದು, ಅರ್ಧಕ್ಕೇ ಮುರಿಸಬೇಕು ಎಂದೂ ಸೇರಿಸಿದರು.

ನಾನು ಮನೆಗೆ ಬಂದು ಹೇಳುವ ಮೊದಲೇ ಜನಾಬಾಯಿ ತನ್ನ ಗಂಟು ಕಟ್ಟಿಕೊಂಡು ಕೂತಿದ್ದಳು. ಒಲೆಯ ಪಕ್ಕ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ದೊಡ್ಡ ಅಟ್ಟಿ ಇತ್ತು. ರಾತ್ರಿ ಊಟಕ್ಕೆ ಗಿರಾಕಿಗಳು ಬರುತ್ತಾರಲ್ಲ, ಅವರಿಗೆ ಎಂದಳು. ಆ ಅಟ್ಟಿಯನ್ನು ನಾನು ಹಾಗೆಯೇ ಎತ್ತಿ ಅವಳ ಗಂಟಿಗೆ ಕಟ್ಟಿದೆ. ಗಿರಾಕಿಗಳಿಗೆ ಏನು ಹಾಕುವುದು ಎಂದು ಗುರುಪಾದಪ್ಪ ಕೇಳಿದ. ಪದ್ಯ ಹಾಕು ಎಂದೆ. ಅವಳನ್ನು ಸೇತುವೆಯ ತನಕ ಮುಟ್ಟಿಸಿ ಬರುತ್ತೇನೆಂದು ಟೆಂಪೋ ಹತ್ತಿದೆ. ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಹಿಂತಿರುಗಿ ಬಂದು ನಾನೇ ಹಿಟ್ಟು ಕಲಸಬೇಕು ಎಂಬ ಯೋಚನೆಯೂ ಇತ್ತು.

ಟೆಂಪೋ ಗುಂಡಿಗೆ ಬಿದ್ದಾಗಲೆಲ್ಲ ಊರು ಹಿಂದಿನಿಂದ ಶಪಿಸುವುದು ಕೇಳುತ್ತಿತ್ತು. ಡ್ರೈವರು ಎಡಗಾಲಿನಿಂದ ಕ್ಲಚ್ಚು ಒತ್ತುವಾಗ ಹಲ್ಲು ಕಚ್ಚುತ್ತಿದ್ದ. ಸೇತುವೆಯ ಈ ಬದಿ ನೂರಾರು ಮಂದಿ ಬಂದು ನಿಂತಿದ್ದರು. ಬೀಳ್ಕೊಡಲು ಬಂದವರಲ್ಲ. ನೋವು ಬಿಡುವ ಕ್ಷಣವನ್ನು ತಪ್ಪಿಸಿಕೊಳ್ಳಬಾರದು ಎಂದು ಬಂದವರು. ಎಲ್ಲರೂ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದರು. ಗಾಡಿ ಸೇತುವೆಯ ಆ ತುದಿ ದಾಟಿದ್ದೇ ಹಿಂದಿನಿಂದ ಚಪ್ಪಾಳೆ ಕೇಳಿತು. ಯಾರೋ ಕುಣಿದರಂತೆ. ಡ್ರೈವರು ಗಾಡಿ ನಿಲ್ಲಿಸಿ ಕಾಲನ್ನು ಮಡಚಿ ಬಿಚ್ಚಿ ನೋಡಿಕೊಂಡ, ನಕ್ಕ, ನಮ್ಮನ್ನು ಒಂದು ಬೇವಿನ ಮರದ ಕೆಳಗೆ ಇಳಿಸಿದ. ನೀವು ಬರುತ್ತೀರಲ್ಲ ಎಂದು ನನ್ನನ್ನು ಕೇಳಿದ. ಸ್ವಲ್ಪ ತಡಿ ಎಂದೆ. ತಡೆಯುವುದಕ್ಕೆ ಅವನಿಗೆ ಪುರುಸೊತ್ತಿರಲಿಲ್ಲ, ತಿರುಗಿಸಿಕೊಂಡು ಹೋದ.

ನನ್ನ ಮೊಣಕಾಲು ಹದಿನಾರರ ಹುಡುಗಿಯ ಮೊಣಕಾಲಿನಂತಾಗಿತ್ತು. ಎಷ್ಟೋ ದಿನದ ಮೇಲೆ ನೆಟ್ಟಗೆ ನಿಂತೆ. ಗಾಳಿ ಬೀಸುತ್ತಿತ್ತು, ಅದೂ ಹಿತವಾಗಿತ್ತು. ಆಮೇಲೆ ಜನಾಬಾಯಿಯ ಕಡೆ ನೋಡಿದೆ. ಮರಕ್ಕೆ ಒರಗಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದಿದ್ದಳು. ನಿಜ ಹೇಳುತ್ತೇನೆ, ಅವಳು ಸ್ವಲ್ಪ ಹೆಚ್ಚು ಮಾಡುತ್ತಿದ್ದಾಳೆ ಅನಿಸಿತು. ಒಂದು ಗಳಿಗೆಯ ಹಿಂದೆ ಅದೇ ನೋವು ನನ್ನ ಕಾಲಿನಲ್ಲಿತ್ತು, ಆದರೂ ಹಾಗೆ ಅನಿಸಿತು. ಮರದ ನೆರಳಿನಲ್ಲಿ ಒಬ್ಬ ಆಚೆಯವಳು ಕೂತಿದ್ದಾಳೆ, ನೋಯುತ್ತದೆ ಎನ್ನುತ್ತಿದ್ದಾಳೆ, ಇರಬಹುದು. ಅಡಿವೆಪ್ಪನವರು ನನ್ನೊಳಗೇ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು.

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನೆಟ್ಟಗೆ ನಿಂತ ನನ್ನ ಕಾಲನ್ನೂ ನೋಡಿದಳು.

“ಈಗ ನಿಮಗ ನೋಯಂಗಿಲ್ಲಲ್ರಿ, ಅಕ್ಕಾರ,” ಎಂದಳು. “ನೀವು ಹೋಗ್ರಿ. ಒಲಿ ಆರ್ತದ.”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿಕೊಂಡು ಹೋಗಿಬಿಡುತ್ತಿದ್ದೆನೇನೋ. ನಾನು ಅವಳ ಕಾಲಿನ ಬಗ್ಗೆ ನನಗೇನು ಗೊತ್ತು ಎಂದು ಯೋಚಿಸಿದೆ. ಹೊರಬದಿಗೆ ಭಾರ ಹಾಕಿದರೆ ತಡೆಯಬಹುದು, ಒಳಬದಿಗೆ ಹಾಕಿದರೆ ಕಣ್ಣು ಕತ್ತಲೆ ಬರುತ್ತದೆ. ಏಳುವುದಕ್ಕಿಂತ ಕೂರುವುದು ಕಷ್ಟ. ಇದೆಲ್ಲ ನನಗೆ ಗೊತ್ತಿತ್ತು. ಈಗ ನನ್ನೊಳಗೆ ಅದು ಇರಲಿಲ್ಲ, ಗೊತ್ತಿರುವುದು ಮಾತ್ರ ಉಳಿದಿತ್ತು. ಅಷ್ಟರಿಂದಲೇ ಕೆಲಸ ಮಾಡಬೇಕಿತ್ತು.

“ನನಗ ನೋಯಂಗಿಲ್ಲ,” ಎಂದೆ. “ಅದಕ್ಕ ಎತ್ತಾಕ ಬರ್ತೈತಿ. ಕೈ ಕೊಡು.”

ಒಳಬದಿಗೆ ನಾನು ನಿಂತು ಅವಳ ಭಾರವನ್ನು ಹೆಗಲಿಗೆ ತೆಗೆದುಕೊಂಡೆ. ಊರಿನೊಳಗೆ ನನಗಿದನ್ನು ಮಾಡಲು ಆಗುತ್ತಿರಲಿಲ್ಲ. ಇಬ್ಬರೂ ಒಂದೇ ಕಾಲಿನಿಂದ ಕುಂಟುವವರು, ಯಾರು ಯಾರನ್ನು ಎತ್ತುವುದು? ಡಾಂಬರು ರಸ್ತೆಯ ತನಕ ನಡೆದು, ಜಿಲ್ಲೆಗೆ ಹೋಗುವ ಬಸ್ಸು ಹತ್ತಿದೆವು. ಕಂಡಕ್ಟರು ಇವಳಿಗೆ ಏನಾಗಿದೆ ಎಂದು ಕೇಳಿದ. ಮೊಣಕಾಲು ಮುರಿದಿದೆ ಎಂದೆ. ಅವನಿಗೂ ಏನೂ ನೋಯುತ್ತಿರಲಿಲ್ಲ, ಆದರೂ ಮುಂದಿನ ಉದ್ದ ಸೀಟಿನಲ್ಲಿ ಕೂತಿದ್ದವರನ್ನು ಎಬ್ಬಿಸಿ ಕಾಲು ಚಾಚಲು ಜಾಗ ಮಾಡಿಕೊಟ್ಟ. ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಹೀಗೂ ಮಾಡಬಹುದು ಎಂದು ನಮ್ಮ ಊರಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಸರದಿ ಬರಲು ದಿನಗಳು ಹಿಡಿದವು. ಅಂಗಳದ ಹುಣಸೆಮರದ ಕೆಳಗೆ, ರೋಗಿಗಳ ಕಡೆಯವರು ಒಲೆ ಹೂಡುವ ಜಾಗದಲ್ಲಿ ನಾನೂ ಒಲೆ ಹೂಡಿದೆ. ಒಂದು ಸಂಜೆ ಗುರುಪಾದಪ್ಪ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಊರೆಲ್ಲ ಆರಾಮಾಗಿದೆ ಎಂದು ವರದಿ ಕೊಟ್ಟ. ಗುಡಿಯಲ್ಲಿ ಪಾಯಸ ಮಾಡಿದ್ದರಂತೆ. ಮಾಸ್ತರು ಊರಿನ ಒಗ್ಗಟ್ಟಿನ ಮೇಲೆ ಹೊಸ ಪದ್ಯ ಕಟ್ಟಿದ್ದರಂತೆ. ಗಿರಾಕಿಗಳು ಕೇಳುತ್ತಿದ್ದಾರೆ, ಸಾಕು ಬಾ ಎಂದ. ಆಮೇಲೆ ವಾರ್ಡಿನ ಕಿಟಕಿಯಿಂದ ಒಳಗೆ ಇಣುಕಿ, ಮಂಚದ ಮೇಲೆ ಕಾಲು ಎತ್ತಿ ಕಟ್ಟಿಸಿಕೊಂಡು ಮಲಗಿದ್ದ ಜನಾಬಾಯಿಯನ್ನು ನೋಡಿ ದನಿ ತಗ್ಗಿಸಿ ಕೇಳಿದ.

“ಖರೇನ ಅಷ್ಟ್ ನೋಯ್ತೈತೇನ ಆಕಿಗೆ?”

“ನಿನಗ ಗೊತ್ತಿಲ್ಲೇನು? ನಿನ್ನ ಕಾಲಾಗನ ಇತ್ತಲ್ಲ.”

ಅವನು ಮೊಣಕಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡ. “ಅದು ನನ್ನ ವಾತ,” ಎಂದ.

ಊಟಕ್ಕೆ ಹಾಕಿದೆ. ನಾನು ಬಡಿದ ದಪ್ಪ ರೊಟ್ಟಿಯನ್ನು ತಿಂದು, ಕಡೆಯ ಬಸ್ಸಿಗೆ ಹೊರಟ. ಹೋಗುವಾಗ ಯಾವಾಗ ಬರುತ್ತೀ ಎಂದು ಕೇಳಿದ. ಆಕೆ ನಡೆದಾಗ ಎಂದೆ. ಅದು ನಿನಗೆ ಹೇಗೆ ತಿಳಿಯುತ್ತದೆ, ಇಲ್ಲಿ ಏನೂ ಗೊತ್ತಾಗುವುದಿಲ್ಲವಲ್ಲ ಎಂದ. ನೋಡುತ್ತೇನೆ, ಕೇಳುತ್ತೇನೆ ಎಂದೆ. ಅದು ಅವನಿಗೆ ಬಹಳ ಸುತ್ತಿನ ದಾರಿಯಾಗಿ ಕಂಡಿರಬೇಕು, ತಲೆ ಅಲ್ಲಾಡಿಸಿ ಬಸ್ಸು ಹತ್ತಿದ.

ಮರುದಿನ ಮಧ್ಯಾಹ್ನ ಜನಾಬಾಯಿಯನ್ನು ಆಪರೇಷನ್ನಿಗೆ ಒಳಗೆ ಒಯ್ದರು. ಬಾಗಿಲು ಮುಚ್ಚುವ ಮೊದಲು ಅವಳು ತಲೆ ಎತ್ತಿ, ನೀವು ಊಟ ಮಾಡಿ ಬರ್ರಿ, ಹೊತ್ತಾಗ್ತದ ಎಂದಳು. ಗೋಡೆಗೆ ಹಾಕಿದ ಕಟ್ಟಿಗೆಯ ಬೆಂಚಿನ ಮೇಲೆ ಕೂತೆ. ಹೊತ್ತಾಯಿತು. ಕೊಟ್ಟ ಮದ್ದಿನ ಅಮಲು ಇಳಿಯುವ ಹೊತ್ತಿಗೋ ಏನೋ, ಒಳಗಿನಿಂದ ಅವಳು ಒಮ್ಮೆ ಕೂಗಿದ್ದು ಕೇಳಿತು, ಆಮೇಲೆ ಇನ್ನೊಮ್ಮೆ. ಇಷ್ಟು ಕಾಲದಲ್ಲಿ ಅವಳು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕಾಲು ಬೆಂಚಿನ ಕೆಳಗೆ ಹಗುರವಾಗಿ ತೂಗಾಡುತ್ತಿತ್ತು. ಹಸಿವಾಗಿತ್ತು, ಎದುರಿನ ಕ್ಯಾಂಟೀನಿನಿಂದ ಬಜ್ಜಿಯ ವಾಸನೆ ಬರುತ್ತಿತ್ತು. ಎಲ್ಲಿಯೂ ಏನೂ ನೋಯುತ್ತಿರಲಿಲ್ಲ. ನಾನು ಎದ್ದು ಬಾಗಿಲಿನ ಹತ್ತಿರ ಹೋಗಿ, ಇಲ್ಲಿಯೇ ಇದ್ದೇನೆ ಎಂದು ಅವಳಿಗೆ ಕೇಳಿಸುವ ಹಾಗೆ ಹೇಳಿ, ಬಂದು ಕೂತೆ.